ಕಡಲಪಾಚಿಯ ಲೋಳೆ ಮತ್ತು ನಮ್ಮ ಚರ್ಮ

ಉಬ್ಬರದ ವೇಳೆಯಲ್ಲಿ ಉಪ್ಪುನೀರಿನೊಳಗೆ ಮುಳುಗಿದ್ದು, ಇಳಿತದ ವೇಳೆಯಲ್ಲಿ ಬಂಡೆಯ ಮೇಲೆ ಯಾವ ಮರೆಯೂ ಇಲ್ಲದೆ ಬಿದ್ದು, ಬಿಸಿಲನ್ನೂ ಗಾಳಿಯನ್ನೂ ತಾಸುಗಟ್ಟಲೆ ಸಹಿಸಬೇಕಾದ ಜೀವಿಯೊಂದು, ನೀರನ್ನು ಹೀರುವ ಬೇರಿಲ್ಲದೆಯೂ ಅದನ್ನು ಕಾಪಾಡುವ ತೊಗಟೆಯಿಲ್ಲದೆಯೂ ಬದುಕಿ ಉಳಿಯುವುದಾದರೆ, ನೀರನ್ನು ತನ್ನ ಮೈಯಲ್ಲಿಯೇ ಹಿಡಿದಿಟ್ಟುಕೊಳ್ಳುವ ವಿದ್ಯೆಯನ್ನು ಅದು ಸಾಧಿಸಿರಲೇಬೇಕು. ಕಡಲಪಾಚಿ ಅಂಥ ವಿದ್ಯೆಯಲ್ಲಿ ಪಾರಂಗತವಾದುದು. ಪಾರ್ಫೈರಾ ಎಂಬ ಕೆಂಪು ಪಾಚಿಯು ತನ್ನೊಳಗಿನ ನೀರಿನಲ್ಲಿ ಶೇಕಡ 90ರಷ್ಟನ್ನು ಕಳೆದುಕೊಂಡು ಬಂಡೆಗಂಟಿ ಗರಿಗರಿಯಾಗಿ ಒಣಗಿದ ಮೇಲೆಯೂ, ಮುಂದಿನ ಉಬ್ಬರದ ಅಲೆ ತಾಗಿದೊಡನೆ ಮೃದುವಾಗಿ ಅರಳಿ ಮತ್ತೆ ಜೀವವ್ಯಾಪಾರಕ್ಕೆ ತೊಡಗುತ್ತದೆ. ಇಂಥ ಪಾಚಿಗಳ ಕೋಶಭಿತ್ತಿಗಳಲ್ಲಿಯೂ ಕೋಶಗಳ ನಡುವಣ ಎಡೆಗಳಲ್ಲಿಯೂ ತುಂಬಿರುವ ಲೋಳೆಯೇ ಅವುಗಳ ಸಹನಶಕ್ತಿಗೆ ಬಹುಮಟ್ಟಿನ ಆಧಾರ. ಮನುಷ್ಯನ ಚರ್ಮಕ್ಕೆ ಕಡಲಪಾಚಿಯಿಂದ ದೊರೆಯಬಹುದಾದ ಉಪಕಾರಗಳಲ್ಲಿ ಅತ್ಯಂತ ನಿಶ್ಚಿತವಾದದ್ದೂ ಈ ಲೋಳೆಯಿಂದ ಬರುವ ಉಪಕಾರವೇ. ಉಳಿದುವುಗಳಲ್ಲಿ ಕೆಲವು ಸಂಭಾವ್ಯ, ಕೆಲವು ಇನ್ನೂ ಪರೀಕ್ಷೆಯ ಹಂತದಲ್ಲಿರತಕ್ಕವು, ಮತ್ತೆ ಕೆಲವು ಕೇವಲ ಮಾರಾಟದ ಮಾತುಗಳು. ಇವನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಬಲ್ಲ ಓದುಗರಿಗೆ ಹಣವೂ ಉಳಿಯುತ್ತದೆ, ಚರ್ಮವೂ ಉಳಿಯುತ್ತದೆ.

ಲೋಳೆಯ ಗುಣವನ್ನು ನಮ್ಮವರು ಅರಿಯದವರಲ್ಲ. ಮಲೆನಾಡಿನಲ್ಲಿಯೂ ಉತ್ತರ ಕನ್ನಡದಲ್ಲಿಯೂ ಮತ್ತಿಸೊಪ್ಪನ್ನೋ ದಾಸವಾಳದ ಎಲೆಯನ್ನೋ ನೀರಿನಲ್ಲಿ ಕಿವುಚಿ ಗೊಂಪು ತೆಗೆದು ತಲೆಗೆ ಹಚ್ಚಿಕೊಂಡ ತಾಯಂದಿರು, ಲೋಳೆಸರದ ಎಲೆಯನ್ನು ಸೀಳಿ ಸುಟ್ಟಗಾಯಕ್ಕೆ ಬಳಿದ ಅಜ್ಜಿಯರು, ಸಸ್ಯದ ಲೋಳೆ ತಂಪನ್ನೂ ನುಣುಪನ್ನೂ ಕೊಡುತ್ತದೆಂಬುದನ್ನು ಅನುಭವದಿಂದಲೇ ಬಲ್ಲವರಾಗಿದ್ದರು. ಕಡಲಪಾಚಿಯ ಲೋಳೆಯೂ ಆ ಗೊಂಪಿನ ಸಮೀಪಬಂಧುವೇ; ಸಾವಿರಾರು ಸಕ್ಕರೆಯ ಅಣುಗಳು ಸರಪಣಿಯಾಗಿ ಹೆಣೆದುಕೊಂಡು ಆದ ವಸ್ತು. ಆದರೆ ಸಮುದ್ರವಾಸದ ಫಲವಾಗಿ, ನೆಲದ ಸಸ್ಯಗಳಲ್ಲಿ ಕಾಣದ ಗಂಧಕಯುಕ್ತವಾದ ಸಲ್ಫೇಟ್ ಗುಂಪುಗಳು ಅನೇಕ ಪಾಚಿಗಳ ಸರಪಣಿಗಳಲ್ಲಿ ಸೇರಿಕೊಂಡಿರುತ್ತವೆ, ಮತ್ತು ಆ ಗುಂಪುಗಳ ಋಣವಿದ್ಯುದಂಶವು ನೀರಿನ ಅಣುಗಳನ್ನು ತನ್ನ ಸುತ್ತ ಬಲವಾಗಿ ಸೆಳೆದುಕೊಳ್ಳುತ್ತದೆ.

ಯುರೋಪಿನ ಕೈಗಾರಿಕೆಯೊಳಗೆ ಪಾಚಿ ಪ್ರವೇಶಿಸಿದ್ದು ಬೂದಿಯ ರೂಪದಲ್ಲಿ. 18ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಆರ್ಕ್ನಿ ಮತ್ತು ಹೆಬ್ರಿಡೀಸ್ ದ್ವೀಪಗಳಲ್ಲಿಯೂ ಫ್ರಾನ್ಸಿನ ಬ್ರಿಟನಿ ತೀರದಲ್ಲಿಯೂ ಬಡಜನರು ಕಂದು ಪಾಚಿಯನ್ನು ಒಣಗಿಸಿ, ದಡದ ಗುಳಿಗಳಲ್ಲಿ ಸುಟ್ಟು, ಅದರ ಕ್ಷಾರವನ್ನು ಗಾಜಿನ ಮತ್ತು ಸಾಬೂನಿನ ತಯಾರಕರಿಗೆ ಮಾರುತ್ತಿದ್ದರು. 1811ರಲ್ಲಿ ಬರ್ನಾರ್ಡ್ ಕೂರ್ತ್ವಾ ಎಂಬ ಫ್ರೆಂಚ್ ರಸಾಯನಜ್ಞನು ಅಂಥದೇ ಬೂದಿಯ ದ್ರಾವಣಕ್ಕೆ ಗಂಧಕಾಮ್ಲವನ್ನು ಬೆರೆಸಿದಾಗ ನೇರಿಳೆ ಬಣ್ಣದ ಆವಿಯೆದ್ದು, ಲೋಕಕ್ಕೆ ಅಯೋಡಿನ್ ಪರಿಚಯವಾಯಿತು. ಪಾಚಿಯನ್ನು ಸುಡದೆ ಅದರ ಲೋಳೆಯನ್ನೇ ಬೇರ್ಪಡಿಸುವ ದಾರಿಯನ್ನು ತೋರಿಸಿದವನು ಇ. ಸಿ. ಸಿ. ಸ್ಟ್ಯಾನ್‌ಫರ್ಡ್ ಎಂಬ ಬ್ರಿಟಿಷ್ ರಸಾಯನಜ್ಞ. ಕಂದು ಪಾಚಿಯಿಂದ ಆಲ್ಜಿನ್ ಎಂಬ ವಸ್ತುವನ್ನು ಅವನು ಪಡೆದದ್ದು 1881ರಲ್ಲಿ. ಐರ್ಲೆಂಡಿನ ಪಶ್ಚಿಮ ತೀರದ ಜನರಾದರೋ ಇಂಥ ಶಾಸ್ತ್ರವನ್ನು ಕಾಯದೆ, ಫ್ಯೂಕಸ್ ಸೆರೇಟಸ್ ಎಂಬ ಪಾಚಿಯನ್ನು ಹಬೆಯಲ್ಲಿ ಬೇಯಿಸಿ ಬಿಸಿ ಸಮುದ್ರಜಲದ ತೊಟ್ಟಿಯಲ್ಲಿ ಹಾಕಿಕೊಂಡು ಮೀಯುವ ಪದ್ಧತಿಯನ್ನು ಬೆಳೆಸಿಕೊಂಡರು. ಎನಿಸ್ಕ್ರೋನ್ ಎಂಬ ಊರಿನಲ್ಲಿ 1912ರಲ್ಲಿ ಕಟ್ಟಿದ ಅಂಥದೊಂದು ಸ್ನಾನಗೃಹದಲ್ಲಿ ಆ ಪದ್ಧತಿ ಇಂದಿಗೂ ನಡೆದುಬಂದಿದೆ. ಬಿಸಿ ತಾಗಿದೊಡನೆ ಪಾಚಿಯ ಕಂದುಬಣ್ಣ ಹಸುರಿಗೆ ತಿರುಗಿ, ಲೋಳೆ ಬಿಟ್ಟುಕೊಂಡು, ತೊಟ್ಟಿಯ ನೀರೆಲ್ಲವೂ ಎಣ್ಣೆ ಬೆರೆಸಿದ ಹಾಗೆ ನುಣುಪಾಗುತ್ತದೆ. ಆ ಸ್ನಾನದಿಂದ ಮೈಗೆ ಬರುವ ಮೃದುತ್ವಕ್ಕೆ ಲೋಳೆಯಲ್ಲದೆ ಬೇರೊಂದು ಗೂಢಕಾರಣವನ್ನು ಹುಡುಕಬೇಕಾದ ಅಗತ್ಯ ನನಗೆ ಕಂಡಿಲ್ಲ.

ಪಾಚಿಗಳನ್ನು ಬಣ್ಣದ ಆಧಾರದಿಂದ ಕಂದು, ಕೆಂಪು, ಹಸುರು ಎಂದು ಮೂರು ವರ್ಗಗಳಾಗಿ ವಿಂಗಡಿಸುವುದು ರೂಢಿ. ಲೋಳೆಯೂ ವರ್ಗವರ್ಗಕ್ಕೆ ಬೇರೆ. ಲ್ಯಾಮಿನೇರಿಯಾ, ಆಸ್ಕೊಫಿಲಮ್, ಮ್ಯಾಕ್ರೊಸಿಸ್ಟಿಸ್, ನಮ್ಮ ತೀರಗಳ ಸರ್ಗಾಸಮ್ ಮೊದಲಾದ ಕಂದು ಪಾಚಿಗಳಿಂದ ಬರುವುದು ಆಲ್ಜಿನೇಟ್. ಅನೇಕ ಕಂದು ಪಾಚಿಗಳಲ್ಲಿ ಒಣತೂಕದ ಶೇಕಡ 20ರಿಂದ 40ರವರೆಗೂ ಇದೇ ಇರುತ್ತದೆ. ಸೋಡಿಯಂನೊಡನೆ ಕೂಡಿದಾಗ ನೀರಿನಲ್ಲಿ ಕರಗಿ ಗಟ್ಟಿಯಾದ ಗಂಜಿಯಂತಾಗುವ ಈ ವಸ್ತು, ಕ್ಯಾಲ್ಸಿಯಂ ಸೇರಿದೊಡನೆ ಸರಪಣಿಗಳು ಒಂದಕ್ಕೊಂದು ಬೆಸೆದುಕೊಂಡು ಹೆಪ್ಪುಗಟ್ಟುತ್ತದೆ. ಆಸ್ಪತ್ರೆಗಳಲ್ಲಿ ಒಸರುವ ಗಾಯಗಳಿಗೆ ಕ್ಯಾಲ್ಸಿಯಂ ಆಲ್ಜಿನೇಟಿನ ಪಟ್ಟಿಗಳನ್ನು ಇಡುವುದುಂಟು. ಗಾಯದ ರಸದಲ್ಲಿರುವ ಸೋಡಿಯಂ ಪಟ್ಟಿಯ ಕ್ಯಾಲ್ಸಿಯಂನೊಡನೆ ಸ್ಥಾನ ಬದಲಿಸಿಕೊಂಡು, ಒಣಗಿದ್ದ ನಾರು ತೇವವುಳ್ಳ ಲೋಳೆಯಾಗಿ ಪರಿಣಮಿಸಿ ಗಾಯವನ್ನು ಹದವಾದ ಆರ್ದ್ರತೆಯಲ್ಲಿ ಇರಿಸುತ್ತದೆ. ಪಾಚಿಯ ವಸ್ತುವೊಂದು ಚರ್ಮಚಿಕಿತ್ಸೆಯಲ್ಲಿ ಗಳಿಸಿದ ಅತ್ಯಂತ ಗೌರವದ ಸ್ಥಾನ ಇದೆಂದು ನನ್ನ ಭಾವನೆ.

ಕೆಂಪು ಪಾಚಿಗಳಿಂದ ಎರಡು ಬಗೆಯ ಲೋಳೆಗಳು ದೊರೆಯುತ್ತವೆ. ಜೆಲಿಡಿಯಮ್, ಜೆಲಿಡಿಯೆಲ್ಲ, ಗ್ರಾಸಿಲೇರಿಯಾಗಳಿಂದ ಬರುವುದು ಅಗರ್. ನಮ್ಮ ಅಡುಗೆಮನೆಗಳಲ್ಲಿ ಚೈನಾ ಗ್ರಾಸ್ ಎಂಬ ಹೆಸರಿನಿಂದ ಚಿರಪರಿಚಿತವಾದದ್ದು. ಕಾಂಡ್ರಸ್ ಕ್ರಿಸ್ಪಸ್, ಕಪ್ಪಾಫೈಕಸ್, ಯೂಕಿಮಾಗಳಿಂದ ಬರುವುದು ಕ್ಯಾರಜೀನನ್. ಇದರಲ್ಲಿ ಕಪ್ಪಾ ಎಂಬ ಬಗೆ ಪೊಟ್ಯಾಸಿಯಂ ಸೇರಿದರೆ ಬಿಗಿಯಾಗಿ ಹೆಪ್ಪುಗಟ್ಟುತ್ತದೆ. ಅಯೋಟಾ ಎಂಬ ಬಗೆ ಕ್ಯಾಲ್ಸಿಯಂನೊಡನೆ ಮೆತ್ತಗೆ ಬಳುಕುವ ಹೆಪ್ಪಾಗುತ್ತದೆ. ಲ್ಯಾಂಬ್ಡಾ ಎಂಬುದು ಹೆಪ್ಪುಗಟ್ಟದೆ ಬರಿದೆ ಮಂದವಾಗುತ್ತದೆ. ಮುಖಕ್ಕೆ ಹಚ್ಚುವ ಲೇಪಗಳಲ್ಲಿ ಬೆರಳಿಗೆ ಸಿಗುವ ಆ ಜಾರುವ ಮೃದುಗುಣವು ಎಷ್ಟೋ ವೇಳೆ ಕ್ಯಾರಜೀನನ್ನಿನ ಕೊಡುಗೆ. ಹಸುರು ಪಾಚಿಯಾದ ಅಲ್ವಾದಲ್ಲಿ ಅಲ್ವಾನ್ ಎಂಬ ಲೋಳೆಯಿದೆ. ಮಾರುಕಟ್ಟೆಯಲ್ಲಿ ಅದಕ್ಕೆ ಈಗಿರುವ ಸ್ಥಾನ ಅಲ್ಪವಾದದ್ದು.

ಈ ಲೋಳೆಗಳು ಚರ್ಮದ ಮೇಲೆ ಮಾಡುವ ಕೆಲಸ ಸರಳವಾದರೂ ಕ್ಷುದ್ರವಾದದ್ದಲ್ಲ. ಚರ್ಮದ ಹೊರಪದರದಲ್ಲಿ ಇರುವ ನೀರು ಕ್ಷಣಕ್ಷಣವೂ ಆವಿಯಾಗಿ ಹೋಗುತ್ತಿರುವುದು. ಆ ಪದರದ ಮೇಲೆ ತೆಳುವಾದ ಲೋಳೆಯ ಪೊರೆಯೊಂದು ನೆಲಸಿದರೆ ಆವಿಯಾಗುವ ವೇಗ ಕಡಿಮೆಯಾಗುತ್ತದೆ, ಪೊರೆಯೊಳಗಿನ ನೀರು ಹೊರಪದರವನ್ನು ನೆನಸುತ್ತದೆ, ನೆನೆದ ಕೋಶಗಳು ಉಬ್ಬಿ ಸಣ್ಣ ಗೆರೆಗಳು ತಾತ್ಕಾಲಿಕವಾಗಿ ಮಾಸುತ್ತವೆ. ತಾತ್ಕಾಲಿಕವಾಗಿ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಈ ಲಾಭವನ್ನೇ ಯೌವನದ ಪುನರಾಗಮನವೆಂದು ವರ್ಣಿಸಿ ಮಾರುವವರು ಅನೇಕರಿದ್ದಾರೆ. ಚರ್ಮವು ಸ್ವಭಾವತಃ ಕೋಟೆಯನ್ನು ಕಟ್ಟಿಕೊಂಡಿರುವ ಅಂಗ. ಸುಮಾರು 500 ಡಾಲ್ಟನ್‌ಗಿಂತ ಹೆಚ್ಚಿನ ಭಾರವುಳ್ಳ ಅಣುಗಳು ಆರೋಗ್ಯವಂತ ಚರ್ಮದ ಹೊರಪದರವನ್ನು ದಾಟಿ ಒಳಸೇರುವುದು ಬಹು ಕಷ್ಟವೆಂಬುದು ಚರ್ಮವಿಜ್ಞಾನಿಗಳ ಸಾಮಾನ್ಯ ತಿಳಿವಳಿಕೆ. ಆಲ್ಜಿನೇಟ್, ಕ್ಯಾರಜೀನನ್ ಮೊದಲಾದವುಗಳ ಅಣುಭಾರವಾದರೋ ಹತ್ತಾರು ಸಾವಿರದಿಂದ ಲಕ್ಷಗಳವರೆಗೆ ಹೋಗತಕ್ಕದ್ದು. ಆದಕಾರಣ ಅವು ಮೇಲೆಯೇ ಇದ್ದು ಕೆಲಸ ಮಾಡುತ್ತವೆಯೇ ಹೊರತು ಆಳಕ್ಕಿಳಿದು ಸುಕ್ಕನ್ನು ಬುಡಸಹಿತ ಕೀಳಲಾರವು. ಮೇಲಿದ್ದು ಮಾಡುವ ಕೆಲಸವೇ ಒಣಚರ್ಮದವರಿಗೆ ಸಾಕಷ್ಟು ದೊಡ್ಡ ಉಪಕಾರ.

ಲೋಳೆಯಲ್ಲದೆ ಪಾಚಿಯಲ್ಲಿ ಇತರ ಸತ್ತ್ವಗಳೂ ಇವೆ. ಕಂದು ಪಾಚಿಗಳಲ್ಲಿ ಫ್ಯೂಕಾಯ್ಡನ್ ಎಂಬ ಸಲ್ಫೇಟ್‌ಯುಕ್ತ ಶರ್ಕರವಿದೆ. ಇದನ್ನು 1913ರಲ್ಲಿ ಹರಾಲ್ಡ್ ಕ್ಯುಲಿನ್ ಎಂಬ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನು ಮೊದಲಬಾರಿಗೆ ಬೇರ್ಪಡಿಸಿದನು. ಫ್ಲೋರೋಟ್ಯಾನಿನ್ ಎಂಬ ಒಗರಿನ ದ್ರವ್ಯಗಳೂ, ಫ್ಯೂಕೋಕ್ಸಾಂಥಿನ್ ಎಂಬ ವರ್ಣದ್ರವ್ಯವೂ ಅವುಗಳಲ್ಲಿರುತ್ತವೆ. ಪ್ರಯೋಗಶಾಲೆಯ ಗಾಜಿನ ಪಾತ್ರೆಗಳಲ್ಲಿ ಇವು ಉತ್ಕರ್ಷಣವನ್ನು ತಡೆಯುವುದೂ, ಚರ್ಮದ ಕೊಲ್ಲಾಜನ್ನನ್ನು ಕತ್ತರಿಸುವ ಕಿಣ್ವಗಳನ್ನು ಕುಂದಿಸುವುದೂ ಕಂಡುಬಂದಿದೆ; ಗಾಜಿನ ಪಾತ್ರೆಯೊಳಗೆ ನಡೆದದ್ದೆಲ್ಲ ಕೆನ್ನೆಯ ಮೇಲೆಯೂ ನಡೆದೀತೆಂದು ಹೇಳಲು ಬಾರದು. ಆದರೆ ಕೆನ್ನೆಯ ಮೇಲೆಯೇ ನಡೆಸಿದ ಒಂದು ಪರೀಕ್ಷೆಯನ್ನು ಇಲ್ಲಿ ಹೇಳದೆ ಬಿಡಲಾಗದು. 2002ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಆ ಅಧ್ಯಯನದಲ್ಲಿ, ಫ್ಯೂಕಸ್ ವೆಸಿಕ್ಯುಲೋಸಸ್ ಎಂಬ ಪಾಚಿಯ ಸಾರವನ್ನು ಶೇಕಡ 1ರ ಪ್ರಮಾಣದಲ್ಲಿ ಸೇರಿಸಿದ ಲೇಪವನ್ನು ದಿನಕ್ಕೆರಡು ಬಾರಿಯಂತೆ ಐದು ವಾರ ಹಚ್ಚಿದಾಗ, ವಯಸ್ಸಿನೊಡನೆ ದಪ್ಪವಾಗುವ ಕೆನ್ನೆಯ ಚರ್ಮ ತೆಳುವಾದದ್ದೂ ಅದರ ಸ್ಥಿತಿಸ್ಥಾಪಕತ್ವ ಹೆಚ್ಚಿದ್ದೂ ಉಪಕರಣಗಳ ಅಳತೆಗೆ ಸಿಕ್ಕಿತು. ಒಂದು ಅಧ್ಯಯನದಿಂದ ಸಿದ್ಧಾಂತವಾಗದಾದರೂ, ಪ್ರಮಾಣ, ಕಾಲ, ಅಳತೆ ಮೂರನ್ನೂ ಹೇಳುವ ಇಂಥ ಪರೀಕ್ಷೆಗೂ ಬರಿಯ ಜಾಹೀರಾತಿಗೂ ಇರುವ ಅಂತರವನ್ನು ಗ್ರಾಹಕರು ಗಮನಿಸತಕ್ಕದ್ದು.

ಪಾರ್ಫೈರಾ ಮೊದಲಾದ ಕೆಂಪು ಪಾಚಿಗಳಲ್ಲಿ ಮೈಕೋಸ್ಪೋರಿನ್ ಜಾತಿಯ ಅಮೈನೋ ಆಮ್ಲಗಳೆಂಬ ಚಿಕ್ಕ ಅಣುಗಳಿವೆ. ಇಳಿತದ ಹೊತ್ತಿನ ಪ್ರಖರ ಸೂರ್ಯಕಿರಣದಿಂದ ತನ್ನನ್ನು ರಕ್ಷಿಸಿಕೊಳ್ಳಲು ಪಾಚಿ ಸ್ವತಃ ಸೃಷ್ಟಿಸಿಕೊಂಡ ಕವಚವಿದು. 310ರಿಂದ 360 ನ್ಯಾನೊಮೀಟರ್ ವ್ಯಾಪ್ತಿಯ ಅತಿನೇರಿಳೆ ಕಿರಣಗಳನ್ನು ಇವು ಹೀರಿಕೊಳ್ಳುತ್ತವೆ. ಯುರೋಪಿನಲ್ಲಿ ಇವುಗಳ ಸಾರವನ್ನು ಲೇಪಗಳಿಗೆ ಸೇರಿಸುತ್ತಲೂ ಇದ್ದಾರೆ. ಆದರೂ ಪಾಚಿಯ ಹೆಸರು ಹೊತ್ತ ಲೇಪವನ್ನು ನೆಚ್ಚಿಕೊಂಡು, ಎಸ್‌ಪಿಎಫ್ ಸಂಖ್ಯೆಯನ್ನು ಪರೀಕ್ಷಿಸಿ ಮುದ್ರಿಸಿರುವ ಸನ್‌ಸ್ಕ್ರೀನನ್ನು ಬಿಟ್ಟುಬಿಡುವುದು ಸರ್ವಥಾ ಸಲ್ಲದು.

ಇಂಥ ವಸ್ತುಗಳ ಮೂಲವನ್ನು ಅರಸಿಕೊಂಡು ನಾವು ದೂರದ ಬ್ರಿಟನಿಗೆ ಹೋಗಬೇಕಾದದ್ದಿಲ್ಲ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯಲ್ಲಿ, ಮಂಡಪಂ ಮತ್ತು ರಾಮೇಶ್ವರದ ಸುತ್ತ, ಪಾಕ್ ಕೊಲ್ಲಿಗೂ ಮನ್ನಾರ್ ಖಾರಿಗೂ ತಾಗಿದ ಮೀನುಗಾರರ ಹಳ್ಳಿಗಳ ಹೆಂಗಸರು ತಲೆಮಾರುಗಳಿಂದ ಪಾಚಿ ಕೀಳುವ ವೃತ್ತಿಯಲ್ಲಿ ತೊಡಗಿದ್ದಾರೆ. ಅಗರ್ ಕೊಡುವ ಜೆಲಿಡಿಯೆಲ್ಲವನ್ನು ಅವರು ಮರಿಕೊಳುಂದು ಪಾಸಿ ಎನ್ನುತ್ತಾರೆ, ಗ್ರಾಸಿಲೇರಿಯಾವನ್ನು ಕಂಜಿ ಪಾಸಿ ಎನ್ನುತ್ತಾರೆ, ಸರ್ಗಾಸಮನ್ನು ಕಟ್ಟಕೋರೈ ಎನ್ನುತ್ತಾರೆ. ಉಸಿರುಬಿಗಿಹಿಡಿದು ಮುಳುಗಿ, ಹವಳದ ಕಲ್ಲಿನ ಚೂಪಿಗೆ ಬೆರಳು ಸೀಳದಂತೆ ಬಟ್ಟೆಯ ಚೂರುಗಳನ್ನು ಸುತ್ತಿಕೊಂಡು, ಒಂದೊಂದೇ ಹಿಡಿಯಾಗಿ ಕಿತ್ತು, ಸೊಂಟಕ್ಕೆ ಕಟ್ಟಿದ ಬಲೆಚೀಲಕ್ಕೆ ತುಂಬಿಕೊಂಡು ಮೇಲೇಳುವ ಈ ಶ್ರಮ, ಸುಗಂಧಯುಕ್ತ ಲೇಪದ ಪುಟ್ಟ ಡಬ್ಬಿಯ ಮೇಲೆ ಎಲ್ಲಿಯೂ ಮುದ್ರಿತವಾಗುವುದಿಲ್ಲ. ಮನ್ನಾರ್ ಖಾರಿಯ 21 ದ್ವೀಪಗಳ ಸುತ್ತಣ ಪ್ರದೇಶ 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಬಳಿಕ ಈ ಹೆಂಗಸರ ಕಸುಬಿಗೆ ಕಾನೂನಿನ ತೊಡಕುಗಳೂ ಬಂದುವು. ಅವರು ಕಾನೂನಿನೊಡನೆ ಸೆಣಸುವುದರ ಜೊತೆಗೆ ತಮಗೆ ತಾವೇ ಕಟ್ಟುಪಾಡನ್ನು ವಿಧಿಸಿಕೊಂಡರು: ತಿಂಗಳಿಗೆ 12 ದಿನ ಮಾತ್ರ ಸಂಗ್ರಹ, ಬುಡವನ್ನು ಬಿಟ್ಟು ಮೇಲಿನ ಭಾಗವನ್ನಷ್ಟೇ ಕೀಳುವುದು, ಪಾಚಿ ಬೆಳೆಯುವ ಕಾಲದಲ್ಲಿ ವಿರಾಮ. ರಾಮೇಶ್ವರದ ಬಳಿಯ ಚಿನ್ನಪಾಲಂ ಗ್ರಾಮದ ಪಾಚಿ ಸಂಗ್ರಾಹಕಿಯೊಬ್ಬಳಿಗೆ, ಈ ಹೆಂಗಸರ ಮುಂದಾಳುತನಕ್ಕಾಗಿ, 2015ರಲ್ಲಿ ಸೀಕಾಲಜಿ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತು.

ಕೃಷಿಯೂ ಅಲ್ಲಿಯೇ ಬೇರೂರಿದೆ. ಭಾವನಗರದಲ್ಲಿ 1954ರಲ್ಲಿ ಸ್ಥಾಪಿತವಾದ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನ ಸಂಸ್ಥೆಯವರು 1984ರಲ್ಲಿ ಕಪ್ಪಾಫೈಕಸ್ ಆಲ್ವರೇಜಿಯನ್ನು ಭಾರತಕ್ಕೆ ತಂದು, ವರ್ಷಗಳ ಪರೀಕ್ಷೆಯ ಅನಂತರ ಮಂಡಪಂ ತೀರದಲ್ಲಿ ಬೆಳೆಸುವ ಕ್ರಮವನ್ನು ರೂಪಿಸಿದರು. ಮೂರು ಮೀಟರ್ ಉದ್ದಗಲದ ಬಿದಿರಿನ ತೆಪ್ಪಕ್ಕೆ ಹಗ್ಗಗಳನ್ನು ಕಟ್ಟಿ, ಹಗ್ಗಕ್ಕೆ ಪಾಚಿಯ ತುಂಡುಗಳನ್ನು ಸಿಕ್ಕಿಸಿ ತೇಲಬಿಟ್ಟರೆ ಸುಮಾರು 45 ದಿನಗಳಲ್ಲಿ ಕಟಾವಿಗೆ ಬರುತ್ತದೆ. ಹಸಿಯಾಗಿರುವಾಗಲೇ ಅರೆದರೆ ಬರುವ ರಸ ಬೆಳೆಗಳಿಗೆ ಸಿಂಪಡಿಸುವ ಪೋಷಕವಾಗುತ್ತದೆ. ಉಳಿದ ಚರಟದಿಂದ ಕ್ಯಾರಜೀನನ್ ತೆಗೆಯುತ್ತಾರೆ. ಆದರೆ ಪರದೇಶದ ಈ ಪಾಚಿ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿ ಅವನ್ನು ಉಸಿರುಗಟ್ಟಿಸುತ್ತಿರುವುದನ್ನು 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯ ಲೇಖನವೊಂದು ಎತ್ತಿ ತೋರಿಸಿತು. ಹೀಗಿರುವುದರಿಂದ, ‘ನೈಸರ್ಗಿಕ’ ಎಂಬ ವಿಶೇಷಣವನ್ನು ಕಂಡ ಮಾತ್ರಕ್ಕೆ ನಿಸರ್ಗಕ್ಕೆ ಅದರಿಂದ ಹಿತವೇ ಆಯಿತೆಂದು ತಿಳಿಯಬಾರದು. ಯಾವ ಪಾಚಿ, ಎಲ್ಲಿಯದು, ಬೆಳೆಸಿದ್ದೋ ಕಿತ್ತದ್ದೋ ಎಂಬುದನ್ನು ಕೇಳಿ ತಿಳಿಯಬೇಕು.

ಇನ್ನು ಕೊಳ್ಳುವ ವಿಚಾರ. ನಮ್ಮ ದೇಶದ 2020ರ ಪ್ರಸಾಧನ ಸಾಮಗ್ರಿಗಳ ನಿಯಮಗಳ ಪ್ರಕಾರ, ಶೇಕಡ 1ಕ್ಕಿಂತ ಹೆಚ್ಚಾಗಿರುವ ಘಟಕಗಳನ್ನು ಪ್ರಮಾಣದ ಇಳಿಕ್ರಮದಲ್ಲಿ ಹೆಸರಿಸತಕ್ಕದ್ದು. ಅದಕ್ಕಿಂತ ಕಡಿಮೆಯಿರುವುವನ್ನು ಕಡೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಡಬ್ಬಿಯ ಮುಂಭಾಗದ ಚಿತ್ರವನ್ನು ಬಿಟ್ಟು ಹಿಂಭಾಗದ ಸಣ್ಣಕ್ಷರಗಳನ್ನು ಓದಿದರೆ ಲ್ಯಾಮಿನೇರಿಯಾ ಡಿಜಿಟೇಟಾ, ಆಸ್ಕೊಫಿಲಮ್ ನೊಡೋಸಮ್, ಕಾಂಡ್ರಸ್ ಕ್ರಿಸ್ಪಸ್ ಮೊದಲಾದ ಸಸ್ಯಶಾಸ್ತ್ರೀಯ ನಾಮಗಳು, ಇಲ್ಲವೆ ಆಲ್ಜಿನ್, ಸೋಡಿಯಂ ಆಲ್ಜಿನೇಟ್, ಕ್ಯಾರಜೀನನ್, ಅಗರ್ ಎಂಬ ಹೆಸರುಗಳು ಸಿಗುತ್ತವೆ. ಬರಿಯ ‘ಆಲ್ಗೇ ಎಕ್ಸ್‌ಟ್ರಾಕ್ಟ್’ ಎಂದಿದ್ದರೆ ಯಾವ ಪಾಚಿಯೆಂಬುದೇ ತಿಳಿಯುವುದಿಲ್ಲ. ಅಂಥದಕ್ಕೆ ಹೆಚ್ಚಿನ ಬೆಲೆ ತೆರುವುದು ಯುಕ್ತವಲ್ಲ. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಸಾಮಾನ್ಯವಾಗಿ ಶೇಕಡ 1ನ್ನು ಮೀರದಂತೆ ಬಳಸುವುದರಿಂದ, ಪಟ್ಟಿಯಲ್ಲಿ ಅದರ ಅನಂತರ ಬಂದ ಪಾಚಿಸಾರ ಶೇಕಡ 1ಕ್ಕಿಂತ ಕಡಿಮೆಯೆಂದು ಊಹಿಸಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ: ಲೋಳೆಗಳು ಅರ್ಧ ಶೇಕಡದಷ್ಟಿದ್ದರೂ ತಮ್ಮ ಕೆಲಸವನ್ನು ಮಾಡಬಲ್ಲವು, ಆದಕಾರಣ ಕ್ಯಾರಜೀನನ್ ಪಟ್ಟಿಯ ಕೆಳಗಿದ್ದರೆ ಅದು ದೋಷವಲ್ಲ, ಸುಕ್ಕು ನಿವಾರಣೆಯ ಹೆಸರಿನಲ್ಲಿ ಮಾರುವ ಸಾರವು ಪಟ್ಟಿಯ ಕಟ್ಟಕಡೆಗಿದ್ದರೆ ಅದು ದೋಷವೇ.

ಮನೆಯಲ್ಲಿಯೇ ಪಾಚಿಯ ಲೇಪವನ್ನು ಮಾಡಿಕೊಳ್ಳಬೇಕೆನ್ನುವವರಿಗೆ ಅಗರಿಗಿಂತ ಸುಲಭವೂ ನಿರಪಾಯವೂ ಆದ ವಸ್ತು ಬೇರಿಲ್ಲ. 200 ಮಿಲಿಲೀಟರ್ ನೀರಿಗೆ 2 ಗ್ರಾಂ ಅಗರ್ ಪುಡಿಯನ್ನು ತಣ್ಣಗಿರುವಾಗಲೇ ಕಲಸಿ, ಆಮೇಲೆ ಒಲೆಯ ಮೇಲಿಟ್ಟು, ಕೈಬಿಡದೆ ತಿರುವುತ್ತ ಮೂರು ನಾಲ್ಕು ನಿಮಿಷ ಕುದಿಸಬೇಕು. 85 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿನ ಬಿಸಿಯಲ್ಲಿ ಅಗರ್ ಸರಿಯಾಗಿ ಕರಗುವುದಿಲ್ಲ. ಕರಗಿದ್ದು ಮತ್ತೆ ಹೆಪ್ಪುಗಟ್ಟುವುದು 40 ಡಿಗ್ರಿಗಿಂತ ಕೆಳಗೆ ಬಂದಾಗ. ಆದ್ದರಿಂದ ದ್ರವವಾಗಿ ಕಾಣುತ್ತದೆಂದು ಬಿಸಿಯಿರುವಾಗಲೇ ಮುಖಕ್ಕೆ ಬಳಿದರೆ ಅದು ಅಂಟಿಕೊಂಡು ಸುಡುತ್ತದೆ. ಪೂರ್ಣ ತಣಿದು ಗಟ್ಟಿಯಾಗುವವರೆಗೆ ಕಾಯಲೇಬೇಕು. ಗಟ್ಟಿಯಾದ ಹೆಪ್ಪನ್ನು ಚಮಚದಿಂದಲೋ ಮಿಕ್ಸಿಯಿಂದಲೋ ಕಡೆದರೆ ನುಣುಪಾದ ಲೇಪ ಸಿದ್ಧವಾಗುತ್ತದೆ. ಮುಖವನ್ನು ತೊಳೆದು, ಒರೆಸದೆ, ಒದ್ದೆಯಿರುವಾಗಲೇ ದಪ್ಪವಾಗಿ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಪೂರ್ತಿ ಒಣಗಿ ಬಿಗಿಯುವ ಮೊದಲೇ ತೊಳೆಯತಕ್ಕದ್ದು. ಮಂಗಳೂರು ಕಾರವಾರಗಳ ತೇವದ ಹವೆಯಲ್ಲಿ ಇಷ್ಟೇ ಸಾಕು. ಕಲಬುರಗಿ ವಿಜಯಪುರಗಳ ಒಣಗಾಳಿಯಲ್ಲಿಯೂ ಬೆಂಗಳೂರಿನ ಮಾಗಿಯಲ್ಲಿಯೂ, ತೊಳೆದ ಕೂಡಲೇ ಕೊಬ್ಬರಿ ಎಣ್ಣೆಯನ್ನೋ ಸಾಮಾನ್ಯ ಲೇಪವನ್ನೋ ತೆಳುವಾಗಿ ಸವರದಿದ್ದರೆ, ನೆನೆದ ಚರ್ಮದ ನೀರು ಬೇಗನೆ ಆರಿ ಮೊದಲಿಗಿಂತಲೂ ಬಿಗಿತವಾದ ಹಾಗೆ ತೋರುವುದುಂಟು. ಮೊಡವೆಯ ಮುಖದವರು ಎಣ್ಣೆಯ ಬದಲು ಜಿಡ್ಡಿಲ್ಲದ ಲೇಪವನ್ನು ಆರಿಸಿಕೊಳ್ಳಲಿ.

ಈ ಲೇಪವನ್ನು ಮುಚ್ಚಿದ ಪಾತ್ರೆಯಲ್ಲಿ ತಂಪುಪೆಟ್ಟಿಗೆಯೊಳಗಿಟ್ಟು ಎರಡು ಮೂರು ದಿನಗಳೊಳಗೆ ಮುಗಿಸಬೇಕು. ಹಾಲು, ಜೇನು, ಅಕ್ಕಿತೊಳೆದ ನೀರು, ಹಣ್ಣಿನ ರಸ ಮುಂತಾದುವನ್ನು ಸೇರಿಸಿದ ಲೇಪವನ್ನಂತೂ ಅಂದೇ ಬಳಸಿ ಉಳಿದದ್ದನ್ನು ಚೆಲ್ಲಬೇಕು. ಇದಕ್ಕೆ ಕಾರಣವನ್ನು ಸೂಕ್ಷ್ಮಜೀವಿಶಾಸ್ತ್ರದ ಚರಿತ್ರೆಯೇ ಹೇಳುತ್ತದೆ. 1881ರಲ್ಲಿ ರಾಬರ್ಟ್ ಕಾಕ್‌ನ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ ಬೇಸಗೆಯ ಬಿಸಿಯಲ್ಲಿ ಜೆಲಟಿನ್ ಕರಗಿಹೋಗುತ್ತಿದ್ದುದರಿಂದ ಬ್ಯಾಕ್ಟೀರಿಯಾಗಳನ್ನು ಬೆಳೆಸುವುದು ದುಸ್ತರವಾಗಿತ್ತು. ಅವನ ಪತ್ನಿ ಫ್ಯಾನಿ ಹೆಸ್ಸೆ, ಅಡುಗೆಯಲ್ಲಿ ತಾನು ಬಳಸುತ್ತಿದ್ದ ಅಗರನ್ನು ಅದರ ಬದಲಿಗೆ ಸೂಚಿಸಿದಳು. ಆ ಸೂಚನೆಯ ಫಲವಾಗಿ ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಸೂಕ್ಷ್ಮಜೀವಿಗಳು ಬೆಳೆಯುವುದು ಅಗರಿನ ಹಾಸಿಗೆಯ ಮೇಲೆಯೇ. ಬರಿಯ ಅಗರನ್ನು ತಿಂದು ಜೀರ್ಣಿಸಬಲ್ಲ ಬ್ಯಾಕ್ಟೀರಿಯಾಗಳು ವಿರಳ. ಆದರೆ ಅದರ ತೇವದಲ್ಲಿ ಸಕ್ಕರೆಯನ್ನೋ ಹಾಲನ್ನೋ ಕೂಡಿಸಿದೆವೆಂದರೆ ಸೂಕ್ಷ್ಮಜೀವಿಗಳಿಗೆ ಮನೆಯನ್ನೂ ಊಟವನ್ನೂ ನಾವೇ ಒದಗಿಸಿದಂತಾಯಿತು.

ಅಂಗಡಿಯಲ್ಲಿ ಪುಡಿಯಾಗಿ ಸಿಗುವ, ನೀರಿಗೆ ಕಲಸಿ ಹಚ್ಚಿದರೆ ರಬ್ಬರಿನ ಹಾಗೆ ಗಟ್ಟಿಯಾಗಿ ಒಂದೇ ತುಣುಕಾಗಿ ಸುಲಿದು ಬರುವ ಮುಖವಾಡಗಳು ಆಲ್ಜಿನೇಟಿನವು. ಸೋಡಿಯಂ ಆಲ್ಜಿನೇಟಿನೊಡನೆ ಕ್ಯಾಲ್ಸಿಯಂ ಸಲ್ಫೇಟನ್ನೂ, ಹೆಪ್ಪುಗಟ್ಟುವುದನ್ನು ಕೆಲವು ನಿಮಿಷ ತಡೆಹಿಡಿಯುವ ಫಾಸ್ಫೇಟ್ ಲವಣವೊಂದನ್ನೂ ಸೇರಿಸಿ ಅವನ್ನು ತಯಾರಿಸುತ್ತಾರೆ. ಕಲಸಿದ ಮೇಲೆ ಸಮಯ ಸ್ವಲ್ಪವೇ ಇರುವುದರಿಂದ ಎಲ್ಲವನ್ನೂ ಮೊದಲೇ ಅಣಿಮಾಡಿಕೊಂಡು ಶೀಘ್ರವಾಗಿ ಹಚ್ಚಬೇಕು; ಹುಬ್ಬಿಗೂ ಕೂದಲಿನ ಅಂಚಿಗೂ ಮುಂಚೆಯೇ ಎಣ್ಣೆ ಸವರಿಕೊಳ್ಳದಿದ್ದರೆ ಸುಲಿಯುವಾಗ ಕೂದಲೂ ಕಿತ್ತುಬರುತ್ತದೆ. ಪಾತ್ರೆಯಲ್ಲಿ ಉಳಿದದ್ದನ್ನು ಬಚ್ಚಲಿಗೆ ಸುರಿಯಲೇ ಕೂಡದು, ಕೊಳವೆಯೊಳಗೆ ಅದು ಹೆಪ್ಪುಗಟ್ಟಿ ಕೂರುತ್ತದೆ. ಪಾತ್ರೆಯಲ್ಲಿಯೇ ಗಟ್ಟಿಯಾಗಲು ಬಿಟ್ಟು ಕಸಕ್ಕೆ ಹಾಕಬೇಕು.

ಯಾವ ಪಾಚಿಯ ವಸ್ತುವನ್ನಾಗಲಿ ಮೊದಲಬಾರಿಗೆ ಬಳಸುವಾಗ ಮೊಳಕೈಯ ಒಳಮಗ್ಗುಲಿನಲ್ಲಿ ನಾಣ್ಯದಗಲ ಹಚ್ಚಿ, ದಿನಕ್ಕೆರಡು ಬಾರಿಯಂತೆ ಒಂದು ವಾರ ನೋಡಿ, ತುರಿಕೆಯಾಗಲಿ ಕೆಂಪಾಗಲಿ ಕಾಣದಿದ್ದರೆ ಮಾತ್ರ ಮುಖಕ್ಕೆ ಹಚ್ಚಬೇಕು. ಒಡೆದ ಚರ್ಮಕ್ಕೂ ಹಸಿಗಾಯಕ್ಕೂ ಮನೆಯಲ್ಲಿ ಮಾಡಿದ ಲೇಪ ಸರ್ವಥಾ ಬೇಡ. ಆಸ್ಪತ್ರೆಯ ಆಲ್ಜಿನೇಟ್ ಪಟ್ಟಿ ನಿರ್ಜೀವಾಣುಕೃತವಾದದ್ದು, ನಮ್ಮ ಪಾತ್ರೆಯ ಲೋಳೆ ಹಾಗಲ್ಲ. ಕಂದು ಪಾಚಿಗಳಲ್ಲಿ ಅಯೋಡಿನ್ ಅಧಿಕವಾಗಿರುವುದರಿಂದ, ಥೈರಾಯ್ಡ್ ವ್ಯಾಧಿಯುಳ್ಳವರೂ ಗರ್ಭಿಣಿಯರೂ ‘ಚರ್ಮದ ಕಾಂತಿಗಾಗಿ’ ಎಂದು ಮಾರುವ ಕೆಲ್ಪ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಸೇವಿಸಬಾರದು. ಅತಿಯಾದ ಅಯೋಡಿನ್ ಸೇವನೆ ಕೆಲವರಿಗೆ ಮೊಡವೆಯಂಥ ಗುಳ್ಳೆಗಳನ್ನೂ ತರುತ್ತದೆ. ಹಿಜಿಕಿ ಎಂಬ ಜಪಾನಿ ಪಾಚಿಯಲ್ಲಿ ನಿರವಯವ ಆರ್ಸೆನಿಕ್ ಹೆಚ್ಚಾಗಿರುವ ಕಾರಣ ಅದನ್ನು ತಿನ್ನದಿರುವಂತೆ ಬ್ರಿಟನ್ನಿನ ಆಹಾರ ಪ್ರಾಧಿಕಾರ 2004ರಲ್ಲಿಯೇ ಜನರಿಗೆ ಸೂಚಿಸಿದೆ.

ನಮ್ಮ ಕರಾವಳಿಯವರಿಗೆ ಒಂದು ಮಾತು. ಕಾರವಾರ, ಗೋಕರ್ಣ, ಭಟ್ಕಳಗಳ ಬಂಡೆಗಳ ಮೇಲೆ ಅಲ್ವಾವೂ ಸರ್ಗಾಸಮೂ ಬೆಳೆಯುವುದನ್ನು ಮಳೆಗಾಲದ ಅನಂತರದ ಇಳಿತಗಳಲ್ಲಿ ಯಾರಾದರೂ ಕಾಣಬಹುದು. ಪಶ್ಚಿಮ ಕರಾವಳಿಯ ಕೆಲವೆಡೆ ಮಳೆಗಾಲದಲ್ಲಿ ಪಾರ್ಫೈರಾವೂ ತಲೆಯೆತ್ತುತ್ತದೆ. ಕಣ್ಣೆದುರಿಗೆ ಪುಕ್ಕಟೆಯಾಗಿ ಸಿಗುತ್ತದೆಂದು ಅದನ್ನು ಕಿತ್ತು ಮುಖಕ್ಕೆ ಅರೆದು ಹಚ್ಚುವುದು ವಿವೇಕವಲ್ಲ. ನೀರನ್ನು ಹಿಡಿದಿಡುವ ಅದೇ ಋಣವಿದ್ಯುದಂಶದ ಸರಪಣಿಗಳು ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನೂ ಹಿಡಿದಿಡುತ್ತವೆ. ಬಂದರು, ಚರಂಡಿ, ಕಾರ್ಖಾನೆಗಳ ನೀರು ಸೇರುವ ತಾಣದ ಪಾಚಿಯ ಮೈಯಲ್ಲಿ ಅವೆಲ್ಲ ಶೇಖರವಾಗಿರುತ್ತವೆ. ದಡಕ್ಕೆ ಬಂದು ಬಿದ್ದು ಕೊಳೆಯುತ್ತಿರುವುದಂತೂ ತೋಟದ ಗೊಬ್ಬರಕ್ಕೆ ಸಲ್ಲಬಹುದೇ ವಿನಾ ಚರ್ಮಕ್ಕಲ್ಲ. ಅಡುಗೆಯ ದರ್ಜೆಯ ಅಗರ್ ಪುಡಿಯನ್ನು ಮೊಹರಾದ ಪೊಟ್ಟಣದಲ್ಲಿ ಕೊಳ್ಳಿರಿ. ತಯಾರಕರ ವಿಳಾಸವನ್ನೂ ದಿನಾಂಕವನ್ನೂ ನೋಡಿಕೊಳ್ಳಿರಿ. ಸಕ್ಕರೆ, ಬಣ್ಣ, ಪರಿಮಳ ಬೆರೆಸಿದ ಜೆಲ್ಲಿ ಮಿಶ್ರಣವನ್ನು ಅಗರೆಂದು ಭ್ರಮಿಸಿ ತಾರದಿರಿ. ಮಂಡಪಂ ಕಡೆಯ ಪಾಚಿಯಿಂದ ತಯಾರಾದದ್ದು ದೊರೆಯುವುದಾದರೆ, ನಾನು ಅದನ್ನೇ ಆರಿಸಿಕೊಳ್ಳುವೆನು.